16 ವರ್ಷ ಫೀಲ್ಡ್‌ನಾಗ ಕೆಲಸ ಮಾಡಿದ ಮ್ಯಾಲೆ ಪಿಎಚ್‌ಡಿ ಮಾಡೂದು ಸರೀನಾ? ಮಾಡಿದವ್ರು ಇದ್ರ ಹೇಳ್ರಿ

ತುಂಗಭದ್ರಾ_ದಂಡಿಯಾಕಿ
ಎಲ್ಲಾರಿಗೂ ನಮಸ್ಕಾರ್ರಿ. ನಾನು ಧಾರವಾಡದಾಗ ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಮಾಸ್ಟರ್ ಡಿಗ್ರಿ) ಮುಗಿಸಿದಾಕಿ. ಅದಾದ ಮ್ಯಾಲೆ 16 ವರ್ಷ ಕೊಪ್ಪಳ, ರಾಯಚೂರು ಕಡೆ ಮಕ್ಕಳ ರಕ್ಷಣೆ ಕೆಲಸದಾಗ ಅದೀನಿ, ಮೊದಲ ಒಂದು ಸಂಸ್ಥೆ, ಈಗ ಇನ್ನೊಂದು. ವಯಸ್ಸು 41. ಇಬ್ರು ಮಕ್ಕಳು, ದೊಡ್ಡಾಂವ ಎಸ್‌ಎಸ್‌ಎಲ್‌ಸಿ.

ಹ್ವಾದ ತಿಂಗಳ ಆಫೀಸ್ ಶಿಫ್ಟ್ ಮಾಡುಮುಂದ ಹಳೇ ರಿಜಿಸ್ಟರ್ ಕೈಗೆ ಸಿಕ್ತು. ಬಾಲ್ಯವಿವಾಹದ ರಿಜಿಸ್ಟರ್, ನನ್ನ ಕೈಬರಹಾನ. ತಾರೀಖು, ಊರು, ಹುಡುಗಿ ವಯಸ್ಸು, ಮಕ್ಕಳ ಸಹಾಯವಾಣಿ 1098ಕ್ಕ ಫೋನ್ ಬಂದ ಟೈಮು, ಯಾರ್ಯಾರು ಹ್ವಾದ್ವಿ, ಎಲ್ಲಾ ಐತಿ. ಕಡೀ ಕಾಲಂ "ಕೈಗೊಂಡ ಕ್ರಮ". ಆ ಕಾಲಂದಾಗ ಮ್ಯಾಲಿಂದ ಕೆಳಗಿನ ತನಕ ಒಂದ ಮಾತು: ಮದುವೆ ತಡೆಯಲಾಗಿದೆ, ಪಾಲಕರಿಂದ ಮುಚ್ಚಳಿಕೆ ಪಡೆಯಲಾಗಿದೆ. ಅದರ ಮುಂದ ಕಾಲಂ ಇಲ್ರಿ. ಅಲ್ಲಿಗೆ ಹಾಳಿ ಮುಗೀತು.

ನಾನು ನೆಲದ ಮ್ಯಾಲೆ ಕುಂತು ಓದಿದೆ. ಆ ಹುಡುಗ್ಯಾರು ಆಮ್ಯಾಲೆ ಏನಾದ್ರು? ಮತ್ತ ಶಾಲಿಗೆ ಹ್ವಾದ್ರಾ, ಮೂರು ತಿಂಗಳ ಬಿಟ್ಟು ಬ್ಯಾರೆ ಊರಾಗ ಸುಮ್ನ ತಾಳಿ ಕಟ್ಟಿಸಿದ್ರಾ, ದುಡಿಯಾಕ ಬೆಂಗಳೂರಿಗೆ ಹ್ವಾದ್ರಾ? ನನಗ ಗೊತ್ತಿರೂದು ಐದಾರು ಮಂದೀದು ಅಷ್ಟ. ಮದುವಿ ನಿಲ್ಲಿಸಿದ್ದಕ್ಕ ನಮಗ ಶಹಬ್ಬಾಸ್ ಅಂದ್ರು, ಪೇಪರ್‌ನಾಗ ಬಂತು, ಆದ್ರ ಮರುದಿನ ಆ ಮನಿಯಾಗ ಏನಾತು ಅಂತ ಯಾರೂ ಕೇಳಿಲ್ಲ, ನಾನೂ ಕೇಳಿಲ್ಲ. ಇದನ್ನ ಸರಿಯಾಗಿ ಸಂಶೋಧನೆ ಮಾಡಬೇಕು ಅಂತ ತಲಿಯಾಗ ಕುಂತುಬಿಟ್ಟೈತಿ.

ಈಗ ಪ್ರಶ್ನೆ. ಕೆಲಸ ಬಿಡಾಕ ಆಗೂದಿಲ್ಲ. ಎಂಎಸ್‌ಡಬ್ಲ್ಯೂದಾಗ 56% ಐತಿ. ರಾಷ್ಟ್ರೀಯ ಅರ್ಹತಾ ಪರೀಕ್ಷೆ ನೆಟ್ ಆಗಿಲ್ಲ. ಈ ವಯಸ್ಸಿಗೆ ತಗೋತಾರಾ? ಗೈಡ್ ಹೆಂಗ ಹುಡುಕೂದು? ಜೊತಿಗೆ ಕೆಲಸ ಮಾಡೋರು "ಈಗ ಡಾಕ್ಟರ್ ಆಗಿ ಏನ್ ಮಾಡ್ತೀ" ಅಂತಾರ, ಅದಕ್ಕ ಉತ್ತರಾನೂ ನನ್ನ ಹತ್ರ ಇಲ್ಲ.

ಚಾಮುಂಡಿ_ತಪ್ಪಲು
ಮಾಡಿ ಅಕ್ಕ. ಇಷ್ಟು ಸ್ಪಷ್ಟವಾಗಿ ಪ್ರಶ್ನೆ ಇಟ್ಕೊಂಡು ಪಿಎಚ್‌ಡಿಗೆ ಬರೋರೇ ಕಮ್ಮಿ. ನಮ್ ಬ್ಯಾಚಲ್ಲಿ ಅರ್ಧ ಜನ ಸೇರಿದ್ಮೇಲೆ ಟಾಪಿಕ್ ಹುಡುಕಿದ್ದು.

ಮಾನಸಗಂಗೋತ್ರಿ_ಹಳಬ
ನಿಯಮದ ಭಾಗ ನಾನು ಹೇಳ್ತೀನಿ ಕಣ್ರೀ, ಬಾಯಿಂದ ಬಾಯಿಗೆ ತಪ್ಪು ಮಾಹಿತಿ ಓಡಾಡ್ತಾ ಇದೆ.

ಪಿಎಚ್‌ಡಿಗೆ ವಯಸ್ಸಿನ ಮಿತಿ ಇಲ್ಲ. 30 ವರ್ಷ ಅನ್ನೋದು ಜೆಆರ್‌ಎಫ್‌ಗೆ (ಸಂಶೋಧನೆ ಮಾಡೋರಿಗೆ ಕೊಡೋ ಫೆಲೋಶಿಪ್), ಅದರಲ್ಲೂ ಹೆಂಗಸರಿಗೆ 5 ವರ್ಷ ಸಡಿಲಿಕೆ ಇದೆ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರ ನಿಯಮ ಬಂದ ಮೇಲೆ ಪಾರ್ಟ್‌ಟೈಮ್ ಪಿಎಚ್‌ಡಿಗೆ ಸ್ಪಷ್ಟವಾಗೇ ಜಾಗ ಇದೆ, ಆದ್ರೆ ಕೆಲಸ ಮಾಡೋ ಕಡೆಯಿಂದ ಎನ್‌ಒಸಿ ಬೇಕು. ಸುಮ್ನೆ "ಅಭ್ಯಂತರ ಇಲ್ಲ" ಅಂತ ಒಂದು ಸಾಲು ಬರೆಸ್ಕೊಂಡು ಬಂದ್ರೆ ಆಗಲ್ಲ. ಪಾರ್ಟ್‌ಟೈಮ್ ಓದೋಕೆ ಒಪ್ಪಿದೀವಿ, ಇವರ ಕೆಲಸದಲ್ಲಿ ಸಂಶೋಧನೆಗೆ ಸಾಕಷ್ಟು ಸಮಯ ಸಿಗುತ್ತೆ, ಕೋರ್ಸ್‌ವರ್ಕ್‌ಗೆ ಬೇಕಾದ್ರೆ ಬಿಡುವು ಕೊಡ್ತೀವಿ, ಈ ಮೂರೂ ಅದರಲ್ಲಿರಬೇಕು. ಎಷ್ಟೋ ಅರ್ಜಿ ಇಲ್ಲೇ ಸಿಕ್ಕಾಕೊಳ್ಳೋದು.

56% ಸಾಕು, ಬೇಕಿರೋದು 55. ಎಂಟ್ರೆನ್ಸ್ ಇರುತ್ತೆ, ಅರ್ಧ ಸಂಶೋಧನಾ ವಿಧಾನ, ಅರ್ಧ ವಿಷಯ. ಆಮೇಲೆ ಇಂಟರ್‌ವ್ಯೂ, ಎಂಟ್ರೆನ್ಸಿಗೆ 70, ಇಂಟರ್‌ವ್ಯೂಗೆ 30 ಲೆಕ್ಕ. 2024ರಿಂದ ನೆಟ್ ಸ್ಕೋರ್ ಮೇಲೂ ಪಿಎಚ್‌ಡಿಗೆ ತಗೊಳ್ಳಬಹುದು ಅಂತ ಆಗಿದೆ, ನೀವು ಸೇರೋ ವಿವಿ ಯಾವ ದಾರಿ ಹಿಡಿದಿದೆ ಅಂತ ಅವರ ನೋಟಿಫಿಕೇಷನ್‌ನಲ್ಲೇ ನೋಡ್ಕೊಳಿ.

ಅವಧಿ ಕನಿಷ್ಠ 3 ವರ್ಷ, ಗರಿಷ್ಠ 6. ರಿ-ರಿಜಿಸ್ಟ್ರೇಷನ್ ಮಾಡಿಸಿ 2 ವರ್ಷ, ಹೆಂಗಸರಿಗೆ ಅದರ ಮೇಲೂ 2, ಒಟ್ಟು 10 ದಾಟಬಾರದು. ಪಾರ್ಟ್‌ಟೈಮ್‌ನವರಿಗೆ ಫೆಲೋಶಿಪ್ ಸಿಗಲ್ಲ, ಅದನ್ನ ಮೊದಲೇ ಮನಸ್ಸಲ್ಲಿ ಇಟ್ಕೊಳ್ಳಿ.

ಬಯಲುಸೀಮೆ_ಬಸವ
ಎರಡು ಪೇಪರ್ ಪಬ್ಲಿಷ್ ಮಾಡ್ಲೇಬೇಕು ಅಂತಾರಲ್ಲ? ಅದಕ್ಕೇ ನಾನು ಸುಮ್ನಾಗಿದ್ದು

ಮಾನಸಗಂಗೋತ್ರಿ_ಹಳಬ
@ಬಯಲುಸೀಮೆ_ಬಸವ ಅದು 2016ರ ನಿಯಮ, ಅದರಲ್ಲೂ ಒಂದು ಜರ್ನಲ್ ಪೇಪರ್, ಎರಡು ಕಾನ್ಫರೆನ್ಸ್ ಅಂತ ಇತ್ತು. 2022ರಲ್ಲಿ ಯುಜಿಸಿ ಆ ಕಡ್ಡಾಯ ತೆಗೆದಾಕ್ತು. ಆದ್ರೆ ವಿವಿಗಳು ತಮ್ಮ ಮಟ್ಟದಲ್ಲಿ ಕೇಳಬಹುದು, ಸೇರೋ ಮುಂಚೆ ಕೇಳ್ಕೊಂಡೇ ಸೇರಿ.

ಹಳೇ_ಜೀಪು
ನಾನು ಒಪ್ಪಲ್ಲಮ್ಮ, ಬೇಜಾರ್ ಮಾಡ್ಕೋಬೇಡ. ತುಮಕೂರು, ಪಾವಗಡ ಕಡೆ 29 ವರ್ಷ ಕೆಲಸ ಮಾಡಿ ರಿಟೈರ್ ಆದೋನು ನಾನು. ನಮ್ಮಲ್ಲಿ ಇಬ್ಬರು ಒಳ್ಳೇ ಕಾರ್ಯಕರ್ತರು ಪಿಎಚ್‌ಡಿ ಅಂತ ಹೋದ್ರು, ವಾಪಸ್ ಊರಿಗೆ ಬರಲಿಲ್ಲ. ಒಬ್ಬರು ಕಾಲೇಜು ಸೇರಿದ್ರು, ಇನ್ನೊಬ್ಬರು ಯಾವುದೋ ಕನ್ಸಲ್ಟೆನ್ಸಿ. ಅವರ ಥೀಸಿಸ್ ಲೈಬ್ರರೀಲಿ ಇದೆ, ಯಾರ ಬಗ್ಗೆ ಬರೆದ್ರೋ ಆ ಹಳ್ಳೀಲಿ ಒಬ್ಬರಿಗೂ ಅದರಲ್ಲಿ ಏನಿದೆ ಅಂತ ಗೊತ್ತಿಲ್ಲ.

ನಿನಗೆ ಪ್ರಶ್ನೆ ಇದೆ, ರಿಜಿಸ್ಟರ್ ಇದೆ, ಜನ ಗೊತ್ತು. ಒಂದು ವರ್ಷ ತಿರುಗಿ 60 ಪುಟದ ವರದಿ ಕನ್ನಡದಲ್ಲಿ ಬರೆದು ಡಿಸಿ ಮುಂದೆ, ಮಕ್ಕಳ ಕಲ್ಯಾಣ ಸಮಿತಿ ಮುಂದೆ ಇಡು. ಆರು ವರ್ಷ ಯಾಕೆ ಬೇಕು? ಆ ಆರು ವರ್ಷದಲ್ಲಿ ಎಷ್ಟು ಮನೆಗೆ ಹೋಗಬಹುದು ಲೆಕ್ಕ ಹಾಕು.

ಸಂಘದ_ಶಾರದಮ್ಮನ_ಮಗಳು
@ಹಳೇ_ಜೀಪು ಸರ್, ಬರೆದಿಟ್ಟಿದ್ದರಿಂದಲೇ ಉಳಿದಿರೋ ಕೆಲಸಾನೂ ಇದೆ ಅಲ್ವಾ. ನಮ್ಮಮ್ಮ ಸ್ತ್ರೀಶಕ್ತಿ ಸಂಘದಲ್ಲಿದ್ದೋರು, ಅದಕ್ಕೇ ಇದು ಗೊತ್ತು. ಮೈರಾಡ ಅನ್ನೋ ಸ್ವಯಂಸೇವಾ ಸಂಸ್ಥೆಯವರು 1980ರ ದಶಕದಲ್ಲಿ ನಮ್ಮ ರಾಜ್ಯದ ಹಳ್ಳಿಗಳಲ್ಲಿ ಹೆಂಗಸರ ಸಣ್ಣ ಉಳಿತಾಯ ಗುಂಪು ಕಟ್ಟಿದ್ರು. ಗುಂಪು ತಾನೇ ಸಾಲ ಕೊಡುತ್ತೆ, ತಾನೇ ವಸೂಲಿ ಮಾಡುತ್ತೆ ಅನ್ನೋದನ್ನ ಲೆಕ್ಕ ಸಮೇತ ತೋರಿಸಿದ್ರು. 1992ರಲ್ಲಿ ಗ್ರಾಮೀಣ ಅಭಿವೃದ್ಧಿ ಬ್ಯಾಂಕ್ ನಬಾರ್ಡ್ 500 ಗುಂಪುಗಳನ್ನ ಬ್ಯಾಂಕಿಗೆ ಜೋಡಿಸೋ ಪೈಲಟ್ ಶುರು ಮಾಡ್ತು, ಆಮೇಲೆ ಅದು ದೇಶಕ್ಕೆಲ್ಲ ಹೋಯ್ತು. "ನಮ್ ಹಳ್ಳೀಲಿ ಚೆನ್ನಾಗಿ ನಡೀತಿದೆ" ಅಂತ ಬರೀ ಬಾಯಲ್ಲಿ ಹೇಳಿದ್ರೆ ಯಾವ ಬ್ಯಾಂಕ್ ಮ್ಯಾನೇಜರ್ ಒಪ್ಪೋರು?

ಹಳೇ_ಜೀಪು
ಸರಿಯಮ್ಮ, ಆದ್ರೆ ಅದು ಪಿಎಚ್‌ಡಿ ಅಲ್ವಲ್ಲ! ನಾನು ಹೇಳ್ತಿರೋದೂ ಅದನ್ನೇ. ಡಿಗ್ರಿ ಇಲ್ಲದೇನೂ ಲೆಕ್ಕ ಇಡಬಹುದು.

ಕುಡ್ಲದ_ಮಳೆ
ಎರಡೂ ಕಡೆ ಸ್ವಲ್ಪ ಸ್ವಲ್ಪ ಸತ್ಯ ಉಂಟು ಮಾರಾಯ್ರೆ. ನಾನು ಆಸ್ಪತ್ರೆಯಲ್ಲಿ ಸೈಕಿಯಾಟ್ರಿಕ್ ಸೋಶಿಯಲ್ ವರ್ಕರ್, 44ನೇ ವಯಸ್ಸಿಗೆ ಪಾರ್ಟ್‌ಟೈಮ್ ಸೇರಿ 50ಕ್ಕೆ ಮುಗಿಸಿದ್ದು. ಕುಡಿತದ ಚಿಕಿತ್ಸೆಗೆ ಬಂದವರ ಹೆಂಡತಿಯರ ಬಗ್ಗೆ ನನ್ನ ಕೆಲಸ. ಅದರ ಕಷ್ಟಸುಖ ಹೇಳ್ತೇನೆ.

ಮೊದಲ ವರ್ಷ ನನಗೆ ತುಂಬಾ ಕಷ್ಟ ಆದದ್ದು ಓದಿನಿಂದ ಅಲ್ಲ. "ಇದು ನಿಮಗೆ ಹೇಗೆ ಗೊತ್ತು?" ಅಂತ ಗೈಡ್ ಕೇಳ್ತಿದ್ರಲ್ಲ, ಆ ಪ್ರಶ್ನೆಯಿಂದ. ನಾನು ಬರೆದೆ, ಗಂಡ ಕುಡಿಯುವುದು ಬಿಟ್ಟ ಮೇಲೆ ಮನೆಯಲ್ಲಿ ಜಗಳ ಸ್ವಲ್ಪ ಸಮಯ ಜಾಸ್ತಿ ಆಗ್ತದೆ ಅಂತ. ಇಪ್ಪತ್ತು ವರ್ಷ ನೋಡಿದ್ದೇನೆ, ನನಗೆ ಗೊತ್ತು. ಅವರು ಕೆಂಪು ಪೆನ್ನಲ್ಲಿ ಬರೆದ್ರು: "ಎಷ್ಟು ಮನೆ? ಜಗಳ ಆಗದ ಮನೆಯವರು ನಿಮ್ಮ ಹತ್ರ ಬರ್ತಾರಾ?" ಆ ಹಾಳೆ ಹಿಡ್ಕೊಂಡು ನಾನು ಬಸ್ಸಲ್ಲಿ ಅತ್ತಿದ್ದೇನೆ. ಮನೆ ಮುಟ್ಟುವಷ್ಟರಲ್ಲಿ ಅರ್ಥ ಆಯ್ತು, ನಾನು 20 ವರ್ಷ ನೋಡಿದ್ದು ತೊಂದರೆ ಇಟ್ಕೊಂಡು ನನ್ನ ಬಾಗಿಲಿಗೆ ಬಂದವರನ್ನು ಮಾತ್ರ. ಬಾರದವರನ್ನು ನಾನು ನೋಡಿಯೇ ಇಲ್ಲ.

ಹಳೇ ಜೀಪು ಸರ್, ವರದಿ ಬರೆಯಬಹುದು, ಆದ್ರೆ ಆ ಕೆಂಪು ಪೆನ್ನು ವರದಿಗೆ ಸಿಗುವುದಿಲ್ಲ. ನನಗೆ ಡಿಗ್ರಿಗಿಂತ ಅದು ಬೇಕಿತ್ತು.

ಗೈಡ್ ವಿಷಯ. ಪ್ರೊಫೆಸರಿಗೆ 8, ಅಸೋಸಿಯೇಟಿಗೆ 6, ಅಸಿಸ್ಟೆಂಟಿಗೆ 4 ಜನ ಅಂತ ಮಿತಿ ಉಂಟು, ಸೀಟು ಖಾಲಿ ಉಂಟಾ ಅಂತ ಮೊದಲು ನೋಡಿ. ನಿವೃತ್ತಿಗೆ 3 ವರ್ಷಕ್ಕಿಂತ ಕಮ್ಮಿ ಉಳಿದವರು ಹೊಸಬರನ್ನು ತಗೊಳ್ಳುವ ಹಾಗಿಲ್ಲ. ಶೋಧಗಂಗಾದಲ್ಲಿ (ಥೀಸಿಸ್‌ಗಳನ್ನು ಇಡುವ ಆನ್‌ಲೈನ್ ಭಂಡಾರ) ಅವರ ಕೈಕೆಳಗೆ ಆದ ಥೀಸಿಸ್ ಎರಡಾದ್ರೂ ತೆಗೆದು ಓದಿ, ಕೊನೆಯ ಅಧ್ಯಾಯ ಓದಿದ್ರೆ ಗೈಡ್ ಎಂಥವರು ಅಂತ ಗೊತ್ತಾಗ್ತದೆ.

ಚಾಮುಂಡಿ_ತಪ್ಪಲು
ಬಾರದವರನ್ನು ನಾನು ನೋಡಿಯೇ ಇಲ್ಲ... ಈ ಮಾತು ಬರೆದಿಟ್ಕೊಂಡೆ ಮೇಡಂ

ತುಂಗಭದ್ರಾ_ದಂಡಿಯಾಕಿ
@ಕುಡ್ಲದ_ಮಳೆ ಅಕ್ಕಾರ, ನಂದೂ ಅದ ಕಥಿ ನೋಡ್ರಿ. ರಿಜಿಸ್ಟರ್‌ನಾಗ ಇರೋದು ಫೋನ್ ಬಂದ ಮದುವಿ ಅಷ್ಟ. ಫೋನ್ ಬರದ ಮದುವಿ ಲೆಕ್ಕಕ್ಕ ಇಲ್ಲ. ನಾನು ಇದನ್ನ ಯೋಚನಿ ಮಾಡಿರಲಿಲ್ಲ. @ಹಳೇ_ಜೀಪು ಸರ್, ನಾ ಊರು ಬಿಟ್ಟು ಹೋಗಾಂಗಿಲ್ರಿ, ನನ್ನ ಮನಿ ಇಲ್ಲೇ ಐತಿ.

ನ್ಯಾಯ_ನೋಟ
ಒಂದು ಗಂಭೀರ ವಿಷಯ ಯಾರೂ ಎತ್ತಿಲ್ಲ. ನಾನು ಮಕ್ಕಳ ಕಾನೂನಿನ ತರಬೇತಿ ಕೊಡೋನು. ಆ ರಿಜಿಸ್ಟರ್ ನಿಮ್ಮ ಕೈಬರಹದ್ದೇ ಆದ್ರೂ ನಿಮ್ಮ ಸ್ವತ್ತಲ್ಲ. ಬಾಲನ್ಯಾಯ ಕಾಯ್ದೆ 2015ರ ಪ್ರಕಾರ, ಮದುವೆ ವಯಸ್ಸಿಗೆ ಮುಂಚೆ ಮದುವೆ ಆಗಿಬಿಡೋ ಅಪಾಯದಲ್ಲಿರೋ ಮಗು "ಪಾಲನೆ ಮತ್ತು ರಕ್ಷಣೆ ಅಗತ್ಯವಿರುವ ಮಗು". ಸೆಕ್ಷನ್ 74 ಪ್ರಕಾರ ಹೆಸರು, ವಿಳಾಸ, ಶಾಲೆ, ಗುರುತು ಸಿಗೋ ಯಾವುದನ್ನೂ ಪ್ರಕಟಿಸೋ ಹಾಗಿಲ್ಲ. ಹೆಸರು ಬದಲಾಯಿಸಿದ್ರೆ ಆಯ್ತು ಅನ್ಕೋಬೇಡಿ, ಸಣ್ಣ ಹಳ್ಳೀಲಿ "2019, 16 ವರ್ಷ, ಮದುವೆ ನಿಂತ ಹುಡುಗಿ" ಅಂದ್ರೆ ಊರಿಗೇ ಗೊತ್ತಾಗುತ್ತೆ. ಸಂಸ್ಥೆಯ ಅನುಮತಿ, ಇಲಾಖೆಯ ಅನುಮತಿ, ವಿವಿಯ ನೀತಿ ಸಮಿತಿ, ಮೂರೂ ಲಿಖಿತವಾಗಿ ಆಗಬೇಕು.

ಕಾನೂನಿಗಿಂತ ದೊಡ್ಡದು ಇನ್ನೊಂದಿದೆ. ಆ ಹುಡುಗಿ ಈಗ ಬೇರೆ ಊರಲ್ಲಿ ಸೊಸೆ ಆಗಿರಬಹುದು. ಮುಂಚೆ ಒಂದು ಮದುವೆ ನಿಂತಿತ್ತು ಅಂತ ಗಂಡನ ಮನೆಗೆ ಗೊತ್ತಿಲ್ಲದೇ ಇರಬಹುದು. ನೀವು ಫೈಲ್ ಹಿಡ್ಕೊಂಡು ಅವಳ ಮನೆ ಬಾಗಿಲು ತಟ್ಟಿದ್ರೆ ಏನಾಗುತ್ತೆ ಅಂತ ಯೋಚಿಸಿ.

ಕುಡ್ಲದ_ಮಳೆ
ಸರಿಯಾಗಿ ಹೇಳಿದ್ರಿ. ಮತ್ತೆ ಇದೂ ಉಂಟು, ಪೊಲೀಸ್ ಜೊತೆ ಬಂದು ಮದುವೆ ನಿಲ್ಲಿಸಿದ ಮೇಡಮ್ಮೇ ಬಂದು "ನಿಲ್ಲಿಸಿದ್ದು ಒಳ್ಳೇದಾಯ್ತಾ?" ಅಂತ ಕೇಳಿದ್ರೆ "ಹೌದು ಮೇಡಂ" ಅಂತ್ಲೇ ಹೇಳುವುದು. ಮಾತಾಡಿಸಲಿಕ್ಕೆ ಬೇರೆಯವರನ್ನು ಇಡಬೇಕಾದೀತು.

ಬಯಲುಸೀಮೆ_ಬಸವ
ನಿಲ್ಸಿದ್ದು ಒಳ್ಳೇದಲ್ವಾ ಮತ್ತೆ? ಇದರಲ್ಲಿ ಸಂಶೋಧನೆ ಮಾಡೋಕೆ ಏನಿದೆ. ನಮ್ ರಾಜ್ಯದಲ್ಲಿ ಬಾಲ್ಯವಿವಾಹ ಆದ್ರೂ ಅದು ಮದುವೇನೇ ಅಲ್ಲ ಅಂತ ಕಾನೂನೇ ಇದೆ

ನ್ಯಾಯ_ನೋಟ
@ಬಯಲುಸೀಮೆ_ಬಸವ ಹೌದು, 2006ರ ಕೇಂದ್ರ ಕಾಯ್ದೆಗೆ ನಮ್ಮ ರಾಜ್ಯದ 2016ರ ತಿದ್ದುಪಡಿ ಇದೆ, ಬಾಲ್ಯವಿವಾಹ ಶುರುವಿನಿಂದಲೇ ಅನೂರ್ಜಿತ. ಒಳ್ಳೇ ಉದ್ದೇಶದ್ದೇ. ಆದ್ರೆ ಗುಟ್ಟಾಗಿ ಮದುವೆ ಆಗಿ, 17ಕ್ಕೆ ಮಗುವಾಗಿ, ಆಮೇಲೆ ಗಂಡ ಬಿಟ್ಟುಹೋದ್ರೆ "ನೀನು ಹೆಂಡತಿನೇ ಅಲ್ಲ" ಅಂತ ಅವಳನ್ನ ಹೊರಗೆ ಹಾಕೋಕೂ ಅದೇ ಮಾತು ಬಳಕೆ ಆಗಬಹುದು. ನಿಲ್ಲಿಸೋದು ತಪ್ಪು ಅಂತ ಇಲ್ಲಿ ಯಾರೂ ಹೇಳ್ತಿಲ್ಲ. ನಿಲ್ಲಿಸಿದ ಮೇಲೆ ಹಾಸ್ಟೆಲ್ ಸಿಕ್ತಾ, ಶಾಲೆ ದೂರ ಇದ್ರೆ ಬಸ್ ಇತ್ತಾ, ಅಪ್ಪ ಕೈಮಾಡಿದನಾ, ಇವು ಯಾವ ಕಾನೂನು ಪುಸ್ತಕದಲ್ಲೂ ಇಲ್ಲ. ಅದನ್ನೇ ಅವರು ಕೇಳ್ತಿರೋದು.

ಕಮಲಾಪುರ_ಕ್ರಾಸ್
ಅಕ್ಕಾರ ನೀವು ಕೊಪ್ಪಳ ಅಂದ್ರ ಹಂಪಿ ಕನ್ನಡ ವಿವಿ ನಿಮಗ ಹತ್ರಾನ ಐತಲ್ರಿ. ಸಮಾಜಕಾರ್ಯನ ಆಗಬೇಕು ಅಂತ ಏನಿಲ್ಲ, ಅಲ್ಲಿ ಅಭಿವೃದ್ಧಿ ಅಧ್ಯಯನ ವಿಭಾಗ ಐತಿ, ಮಹಿಳಾ ಅಧ್ಯಯನ ಐತಿ. ನಿಮ್ಮ ಡಿಗ್ರಿ ಅಲ್ಲಿಗೆ ನಡೀತದೋ ಇಲ್ಲೋ ಕೇಳ್ರಿ. ನಡದ್ರ ಥೀಸಿಸ್ ಕನ್ನಡದಾಗ ಬರೀಬಹುದು. ಆ ಹುಡುಗ್ಯಾರು ಕನ್ನಡದಾಗ ಹೇಳಿದ್ದನ್ನ ಇಂಗ್ಲಿಷಿಗೆ ತಿರುವಿ ಮತ್ತ ಕನ್ನಡಕ್ಕ ತರೂದ್ರಾಗ ಅರ್ಧ ಜೀವ ಹೊಕ್ಕೈತಿ. "ಮನಿ ಮರ್ಯಾದಿ" ಅನ್ನೂದಕ್ಕ ಇಂಗ್ಲಿಷ್‌ನಾಗ ಏನ್ ಬರೀತೀರಿ?

ಚಾಮುಂಡಿ_ತಪ್ಪಲು
ಆದ್ರೆ ಕನ್ನಡದಲ್ಲಿ ಬರೆದ್ರೆ ದೆಹಲೀಲಿ ಯಾರೂ ಓದಲ್ವಲ್ಲ ಸರ್. ನೀತಿ ಮಾಡೋರು ಅಲ್ಲಿರೋದು.

ಕಮಲಾಪುರ_ಕ್ರಾಸ್
ಅಂಗನವಾಡಿ ಟೀಚರ್, ಪಿಡಿಒ, ಸಿಡಿಪಿಒ ಓದ್ತಾರ್ರಿ. ಮದುವಿ ನಿಲ್ಲಿಸಾಕ ದೆಹಲಿಯಿಂದ ಯಾರ ಬರ್ತಾರ? ಇಂಗ್ಲಿಷ್‌ನಾಗ ಒಂದು ಪೇಪರ್ ಬ್ಯಾರೆ ಬರದ್ರಾತು, ಮುಂಬೈನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ (ಟಿಸ್) ದವ್ರು 1940ರಿಂದ ಸಮಾಜಕಾರ್ಯದ ಜರ್ನಲ್ ತರ್ತಾರ, ಅಂಥಾದಕ್ಕ ಕಳಸ್ರಿ.

ಹಳೇ_ಜೀಪು
ಈ ಮಾತು ನನಗೆ ಹಿಡಿಸ್ತು. ಕನ್ನಡದಲ್ಲಿ ಬರೆಯೋದಾದ್ರೆ ನನ್ನ ವಿರೋಧ ಅರ್ಧ ಕಮ್ಮಿ.

ಸೊಲ್ಲಾಪುರ_ರಸ್ತೆ
ನಡುವೆ ಒಂದು ಎಚ್ಚರಿಕಿ ಹೇಳ್ತೀನಿ. ನಮ್ಮ ಕಡೆ ಏಜೆಂಟ್‌ಗಳು ಓಡಾಡ್ತಾರ, "ದುಡ್ಡು ಕೊಡ್ರಿ, ಎರಡು ವರ್ಷದಾಗ ಡಾಕ್ಟರೇಟ್, ನೀವು ಬರೂದೂ ಬ್ಯಾಡ, ಬರಿಯೂದೂ ಬ್ಯಾಡ" ಅಂತ. ನಮ್ಮ ಪೈಕಿ ಒಬ್ರು ಹಂಗ ದುಡ್ಡು ಕೊಟ್ಟು, ಹೊರರಾಜ್ಯದ್ದೊಂದು ಸರ್ಟಿಫಿಕೇಟ್ ತಂದು, ಪ್ರಮೋಷನ್ ಟೈಮಿಗೆ ಅದು ನಡಿಯಂಗಿಲ್ಲ ಅಂತಾಗಿ ಮನಿಯಾಗ ಕುಂತಾರ. 2025ರ ಜನವರಿಯಾಗ ಯುಜಿಸಿ ರಾಜಸ್ಥಾನದ ಮೂರು ಖಾಸಗಿ ವಿವಿಗಳಿಗೆ 5 ವರ್ಷ ಪಿಎಚ್‌ಡಿಗೆ ಮಂದಿ ತಗೋಬ್ಯಾಡ್ರಿ ಅಂತ ಹೇಳ್ತು, ನೆನಪಿರಲಿ. ದೂರಶಿಕ್ಷಣ, ಆನ್‌ಲೈನ್ ಪಿಎಚ್‌ಡಿಗೂ ಯುಜಿಸಿ ಒಪ್ಪಿಗಿ ಇಲ್ಲ. ಪಾರ್ಟ್‌ಟೈಮ್ ಬ್ಯಾರೆ, ದೂರಶಿಕ್ಷಣ ಬ್ಯಾರೆ.

ಎರೆಮಣ್ಣು
ನಂದು ಎಸ್‌ಸಿ, ಎಂಎಸ್‌ಡಬ್ಲ್ಯೂ 52%. 11 ವರ್ಷದಿಂದ ಸಫಾಯಿ ಕರ್ಮಚಾರಿಗಳ ಮಧ್ಯೆ ಕೆಲಸ. ನನಗೆ ಆಗಲ್ಲ ಅಲ್ವಾ

ಮಾನಸಗಂಗೋತ್ರಿ_ಹಳಬ
@ಎರೆಮಣ್ಣು ಯಾಕಾಗಲ್ಲ? ಎಸ್‌ಸಿ, ಎಸ್‌ಟಿ, ಕೆನೆಪದರದಲ್ಲಿಲ್ಲದ ಒಬಿಸಿ, ಅಂಗವಿಕಲರಿಗೆ 5% ಸಡಿಲಿಕೆ, 50 ಇದ್ರೆ ಸಾಕು. ದಯವಿಟ್ಟು ಅರ್ಜಿ ಹಾಕಿ. ಮಲಹೊರುವ ಪದ್ಧತಿ ನಿಷೇಧಿಸೋ 2013ರ ಕಾಯ್ದೆ ಬಂದ ಮೇಲೂ ಮ್ಯಾನ್‌ಹೋಲಿಗೆ ಇಳಿದು ಜನ ಸಾಯ್ತಿದಾರೆ. ಆ ಮನೆಗಳ ಒಳಗಿಂದ ಬಂದು ಬರೆಯೋರು ನಮ್ಮ ವಿಭಾಗಗಳಲ್ಲಿ ತೀರಾ ಕಮ್ಮಿ.

ಎರೆಮಣ್ಣು
ಥ್ಯಾಂಕ್ಸ್ ಸರ್. ಇಷ್ಟು ವರ್ಷ 55 ಬೇಕು ಅಂತ್ಲೇ ಅನ್ಕೊಂಡಿದ್ದೆ. ಯಾರೂ ಹೇಳಿರಲಿಲ್ಲ.

ದೂರದೂರಿನ_ದಾವಣಗೆರೆ
ನಾನು ಅಮೆರಿಕದಲ್ಲಿ ಸೋಶಿಯಲ್ ವರ್ಕರ್. ಇಲ್ಲಿ ಎರಡು ದಾರಿ ಇವೆ, ಪಿಎಚ್‌ಡಿ ಮತ್ತೆ ಡಿಎಸ್‌ಡಬ್ಲ್ಯೂ (ಸಮಾಜಕಾರ್ಯದ ಡಾಕ್ಟರೇಟ್). ಎರಡನೇದು ಹೆಚ್ಚಾಗಿ ಫೀಲ್ಡ್‌ನಲ್ಲೇ ಇರೋರಿಗೆ ಅಂತ ಮಾಡಿರೋದು, ಪೆನ್ಸಿಲ್ವೇನಿಯಾ ವಿವಿ 2007ರಲ್ಲಿ ಇಂಥದ್ದು ಶುರು ಮಾಡ್ತು. ತಮ್ಮ ಕೆಲಸದಲ್ಲೇ ಇರೋ ಒಂದು ಸಮಸ್ಯೆ ಹಿಡ್ಕೊಂಡು ಅದನ್ನ ಬಗೆಹರಿಸೋದರ ಮೇಲೇ ಬರೀಬಹುದು. ನಮ್ಮೂರಲ್ಲೂ ಇಂಥದ್ದು ಇದ್ದಿದ್ರೆ ಈ ಅಕ್ಕನಂಥೋರಿಗೆ ಎಷ್ಟು ಅನುಕೂಲ ಆಗೋದು ಅಂತ ಅನ್ಸುತ್ತೆ.

ಕುಡ್ಲದ_ಮಳೆ
ಇಲ್ಲಿಯೂ ಬೇಕು ಮಾರಾಯ್ರೆ. ನಮ್ಮ ಕೆಲಸದಿಂದ ಜ್ಞಾನ ಹುಟ್ಟುವುದಿಲ್ಲ ಅಂತ ಅಲ್ಲ, ನಿಮ್ಹಾನ್ಸ್‌ನವರು 80ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟ್ರು, ಕಾರ್ಯಕರ್ತರಿಗೆ ತರಬೇತಿ ಕೊಟ್ಟು ಮಾಡಿದ ಕೆಲಸವೇ ಅಲ್ವಾ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆದದ್ದು. ಈ ಅಕ್ಕನ ಪಕ್ಕದ ಜಿಲ್ಲೆ.

ಬಯಲುಸೀಮೆ_ಬಸವ
ಎಸ್‌ಪಿಎಸ್‌ಎಸ್ (ಅಂಕಿಅಂಶದ ಸಾಫ್ಟ್‌ವೇರ್) ಕಲೀಲೇಬೇಕಾ? ಲೆಕ್ಕ ಅಂದ್ರೆ ನನಗೆ ಪಿಯುಸಿಯಿಂದಲೂ ಭಯ

ಚಾಮುಂಡಿ_ತಪ್ಪಲು
ಪ್ರಶ್ನೆ ನೋಡ್ಕೊಂಡು ಕಣ್ರೀ. 20-25 ಜನರ ಹತ್ರ ಕೂತು ಉದ್ದಕ್ಕೆ ಮಾತಾಡಿಸೋ ಅಧ್ಯಯನ ಆದ್ರೆ ಬೇಕಾಗಲ್ಲ, ಬೇಕಾದ್ರೂ ಜಮೋವಿ ಅಂತ ಇದೆ, ಫ್ರೀ. ಮಾತು ರೆಕಾರ್ಡ್ ಮಾಡಿ ಅಕ್ಷರಕ್ಕೆ ಇಳಿಸೋದೇ ದೊಡ್ಡ ಕೆಲಸ, ಒಂದು ಗಂಟೆ ಮಾತಿಗೆ ನನಗೆ ಆರು ಗಂಟೆ ಹಿಡೀತಿತ್ತು.

ಮನೆ_ಮೊದಲು
ಎಲ್ಲಾ ಸರಿ, ಮನೆ ಯಾರು ನೋಡ್ಕೋತಾರೆ? ನಾನು ಎರಡನೇ ವರ್ಷಕ್ಕೆ ಬಿಟ್ಟೆ. ಅತ್ತೆಗೆ ಸ್ಟ್ರೋಕ್ ಆಯ್ತು, ಕೋರ್ಸ್‌ವರ್ಕ್ ಹಾಜರಾತಿ ಕಮ್ಮಿ ಆಯ್ತು. 240 ದಿನದ ರಜೆ ಹೆರಿಗೆಗೆ, ಮಕ್ಕಳ ಆರೈಕೆಗೆ ಅಂತ ನಿಯಮದಲ್ಲಿದೆ, ಅತ್ತೆ ಮಾವನ್ನ ನೋಡ್ಕೊಳ್ಳೋಕೆ ಇಲ್ಲ. ಸೇರೋ ಮುಂಚೆ ಗಂಡ, ಮಕ್ಕಳನ್ನ ಕೂರಿಸ್ಕೊಂಡು ಯಾವ ವಾರ ಯಾರು ಅಡುಗೆ ಅನ್ನೋ ಮಟ್ಟಿಗೆ ಮಾತಾಡಿ ಅಕ್ಕ. ನಾನು ಮಾತಾಡಿರಲಿಲ್ಲ.

ಕುಡ್ಲದ_ಮಳೆ
@ಮನೆ_ಮೊದಲು ನೀವು ಬಿಟ್ಟು ಎಷ್ಟು ವರ್ಷ ಆಯ್ತು? ಮತ್ತೆ ಸೇರಲಿಕ್ಕೆ ಆಗ್ತದಾ ಅಂತ ಒಮ್ಮೆ ವಿಚಾರಿಸಿ. ನನಗೆ ಮೆಸೇಜ್ ಮಾಡಿ, ನಾವು ಮಾತಾಡುವ.

ತುಂಗಭದ್ರಾ_ದಂಡಿಯಾಕಿ
ಎರಡು ತಿಂಗಳಾದ ಮ್ಯಾಲೆ ಬರೀತಾ ಇದೀನಿ, ಎಲ್ಲಾರೂ ಅಷ್ಟು ಹೇಳಿದ್ರಿ, ಏನಾತು ಅಂತ ತಿಳಿಸೂದು ನನ್ನ ಕರ್ತವ್ಯ.

ಎನ್‌ಒಸಿ ಸಿಕ್ತು, ಆ ಮೂರೂ ಮಾತು ಹಾಕಿಸೀನಿ. ಇಬ್ರು ಪ್ರೊಫೆಸರ್‌ಗಳನ್ನ ಭೇಟಿ ಆದೆ. ಒಬ್ರು "ಟಾಪಿಕ್ ಬದಲ್ ಮಾಡ್ರಿ, ಸ್ವಸಹಾಯ ಸಂಘ ತಗೋರಿ, ಡೇಟಾ ಸುಲಭ ಸಿಗ್ತೈತಿ" ಅಂದ್ರು. ಇನ್ನೊಬ್ರು ರಿಜಿಸ್ಟರ್ ಕಾಲಂ ಬಗ್ಗೆ ಒಂದ್ ತಾಸು ಕೇಳಿದ್ರು. ಅವರ ಹತ್ರ ಸೀಟ್ ಒಂದು ಐತಿ, ಎಂಟ್ರೆನ್ಸ್ ಬರೀತೀನಿ. ದೊಡ್ಡಾಂವ ಎಸ್‌ಎಸ್‌ಎಲ್‌ಸಿಗೆ, ನಾ ಎಂಟ್ರೆನ್ಸಿಗೆ, ಇಬ್ರೂ ಒಂದ ಮೇಜಿನ ಮ್ಯಾಲೆ ಕುಂತು ಓದಾಕತ್ತೀವಿ.

ಪ್ರಶ್ನಿನೂ ಬದಲಾತು. ಹುಡುಗ್ಯಾರ ಮನಿಗೆ ನಾ ನೇರ ಹೋಗೂದಿಲ್ಲ. ಮೊದಲ ಅನುಮತಿ ತಗೊಂಡು ರಿಜಿಸ್ಟರ್‌ನ ಓದೂದು, ನಾವು ಏನ್ ಬರದ್ವಿ, ಏನ್ ಬರೀಲಿಲ್ಲ ಅಂತ. ಆಮ್ಯಾಲೆ ಈಗ 18 ದಾಟಿದವ್ರು ತಾವಾಗೇ ಬಂದು ಮಾತಾಡಾಕ ಒಪ್ಪಿದ್ರ ಮಾತ್ರ, ಅದೂ ನಾ ಅಲ್ಲ, ಆ ಊರಿಗೆ ಹೊಸಬರಾದ ಇನ್ನೊಬ್ಬಾಕಿ ಮಾತಾಡಸ್ತಾಳ. ನ್ಯಾಯ ನೋಟ ಸರ್ ಹೇಳಿದ್ದು ಓದಿ ಒಂದ್ ರಾತ್ರಿ ನಿದ್ದಿ ಬರಲಿಲ್ರಿ, ಒಬ್ಬಾಕಿ ವಿಳಾಸ ಆಗಲೇ ಹುಡುಕಿಟ್ಟಿದ್ದೆ. ಹರಿದು ಹಾಕಿದೆ.

ಇನ್ನೊಂದು. ಆಫೀಸ್‌ನಾಗ ಮಾತಾಡಿ ಈ ತಿಂಗಳಿಂದ ಹೊಸ ರಿಜಿಸ್ಟರ್‌ಗೆ ಎರಡು ಕಾಲಂ ಹಾಕೀವಿ. "3 ತಿಂಗಳ ನಂತರ", "1 ವರ್ಷದ ನಂತರ". ಸ್ಕೇಲ್ ಇಟ್ಟು ನಾನ ಗೆರಿ ಹೊಡದೆ.

ಹಳೇ_ಜೀಪು
ಒಳ್ಳೇ ಕೆಲಸ ಮಾಡ್ದೆ ಕಣಮ್ಮ. ಆದ್ರೆ ಆ ಕಾಲಂ ತುಂಬೋರು ಯಾರು? ಅದಕ್ಕೆ ಅಂತ ಒಬ್ಬರನ್ನ ಕೊಟ್ಟಿದಾರಾ?

ತುಂಗಭದ್ರಾ_ದಂಡಿಯಾಕಿ
ಇಲ್ಲ ಸರ್. ಸದ್ಯಕ್ಕ ನಾನು, ಇನ್ನೊಬ್ಬಾಕಿ ಕಾರ್ಯಕರ್ತಿ. ಶನಿವಾರ ಹೋಕೀವಿ.